ಸ್ಟೇಷನ್ ಹನ್ನೊಂದರ ನೀರು

ಶುಕ್ರವಾರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ, ಕಲ್ಲೋಳಿಯ ತಮ್ಮನ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ, ಮುಕ್ತಾರ ಅಕ್ಬರಸಾಬ ಅತ್ತಾರನ ಎಡಗಣ್ಣು ತುರಿಸಿತು. ಇಂಥ ಘಟನೆಯನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಆ ಹೊತ್ತಿಗೆ ಬೆಳಗಾವಿ ಜಿಲ್ಲೆಯೊಂದರಲ್ಲೇ ಎಷ್ಟು ಕಣ್ಣು ತುರಿಸಿರಬಹುದು, ಎಷ್ಟು ಕೈ ಅವನ್ನು ಉಜ್ಜಿ ಮರೆತಿರಬಹುದು, ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಆದರೆ ಈ ಒಂದು ಕಣ್ಣಿನ ಮೇಲೆ ಒಂದು ಸಂಶೋಧನಾ ಲೇಖನ, ಒಂದು ಹುಡುಗಿಯ ಡಾಕ್ಟರೇಟ್, ಅರಬ್ಬೀ ಸಮುದ್ರದ ಬಗ್ಗೆ ಒಬ್ಬ ದೊಡ್ಡ ಸಾಹೇಬರಿಗೆ ಈಚೆಗೆ ಹೊಳೆದ ಒಂದು ಹೊಸ ವಿಚಾರ, ಇಷ್ಟೂ ನಿಂತಿದ್ದವು. ಮುಕ್ತಾರನ ಬಲಗೈ ತಾನಾಗಿಯೇ ಮೇಲೆದ್ದಿತು. ಗಲ್ಲದ ಮಟ್ಟಕ್ಕೆ ಬಂದು, ಮುಂದೆ ಪೊಲೀಸರನ್ನು ಕಂಡ ಸ್ಕೂಟರಿನ ಹಾಗೆ, ನಿಂತುಬಿಟ್ಟಿತು. ಕಣ್ಣಿಂದ ನೀರು ಇಳಿಯಿತು. ಅವನು ಕೈಯನ್ನು ಮೆಲ್ಲಗೆ ಮೊಣಕಾಲ ಮೇಲೆ ಇಳಿಸಿ ಇಟ್ಟುಕೊಂಡ.

"ಉಜ್ಜಿಕೊ ಬೇಟಾ," ಎಂದಳು ಒಳಗಿನಿಂದ ಬಂದ ತಾಯಿ ಗುಡುಬಿ. "ಕಣ್ಣ ನಿಂದ, ಕೈ ನಿಂದ. ಯಾರ ಅಪ್ಪಣಿ ಬೇಕ ಇನ್ನ?"

"ಹಂಗೆಲ್ಲಾ ಉಜ್ಜಬಾರ್ದಮ್ಮಾ."

"ಆ ನೌಕರಿ ಹಿಡದಾಗಿಂದ ನಿನ್ನ ಮಾರೀನೂ ಸರಕಾರದ್ದಾತ ನೋಡು," ಎನ್ನುತ್ತ ಅವಳು ಪಕ್ಕದಲ್ಲಿ ಕುಕ್ಕರಿಸಿ ಸೆರಗಿನ ಗಂಟಿನಿಂದ ಹಿತ್ತಾಳೆಯ ಸುರ್ಮಾದಾನಿ, ಕಣ್ಕಪ್ಪಿನ ಡಬ್ಬಿ, ತೆಗೆದಳು. "ಈ ಕಡೆ ತಿರಗು. ಜುಮ್ಮಾ ಐತಿ, ಮ್ಯಾಲ ಮೂಡಲಗ್ಯಾಗ ಸತ್ಕಾರ ಬ್ಯಾರೆ. ಬೋಳುಗಣ್ಣ ತಗೊಂಡು ಸ್ಟೇಜ್ ಏರಾಂವ ಏನ ನೀ?"

"ಬ್ಯಾಡ."

"ಯಾಕ ಬ್ಯಾಡ?"

ಯಾಕೆ ಬೇಡ ಎನ್ನುವುದನ್ನು ಹೇಳಬೇಕೆಂದರೆ ಸಮುದ್ರದಿಂದ ಶುರು ಮಾಡಬೇಕಾಗುತ್ತಿತ್ತು. ಅವನಿಗೆ ಐವತ್ತೊಂದು ವರ್ಷ. ಎಪ್ಪತ್ತನಾಲ್ಕರ ಮುದುಕಿ ಸುರ್ಮಾದ ಕಡ್ಡಿ ಹಿಡಿದು ಎದುರು ಕೂತರೆ ಐವತ್ತೊಂದು ಏನೂ ಅಲ್ಲ. ಅತ್ತಾರರ ಮನೆತನ ಅವರದು. ಅತ್ತರು, ಊದಿನಕಡ್ಡಿ, ಸುರ್ಮಾ ಕಟ್ಟಿಕೊಂಡು ಸಂತೆ ಸಂತೆ ತಿರುಗಿದವರು. ಅತ್ತರು ಈಗ ಮುಂಬಯಿಯಿಂದ ಬರುತ್ತದೆ, ಊದಿನಕಡ್ಡಿ ಎಲ್ಲಿಂದಲೋ. ಸುರ್ಮಾ ಮಾತ್ರ ಇವತ್ತಿಗೂ ಗುಡುಬಿಯದೇ. ಅವಳ ಅತ್ತೆಯ ಕಾಲದ ಕರಿಕಲ್ಲಿನ ಗಟ್ಟಿಯನ್ನು ಕುಟ್ಟಿ, ಗುಲಾಬಿನೀರು ಹಾಕಿ, ನಲವತ್ತು ದಿನ ಅರೆದು, ಮಲ್‌ಮಲ್ ಬಟ್ಟೆಯಲ್ಲಿ ಸೋಸಿದ್ದು. ಬೆರಳಿಗೆ ತಗುಲಿದರೂ ತಗುಲಿದ್ದು ಗೊತ್ತಾಗದಷ್ಟು ನುಣುಪು. ಕುಲಗೋಡ, ಅಂಕಲಗಿ ಕಡೆಯ ಹಿಂದೂ ಹೆಂಗಸರೂ ಕೂಸಿಗೆ ಹಚ್ಚಲು ಅವಳ ಹತ್ತಿರವೇ ಒಯ್ಯುತ್ತಾರೆ. ಹಬ್ಬದ ದಿನ, ಶುಕ್ರವಾರ, ಪರೀಕ್ಷೆಯ ದಿನ, ನೌಕರಿಗೆಂದು ಮೊದಲ ಸಲ ಊರು ಬಿಟ್ಟ ದಿನ, ಎಲ್ಲ ದಿನವೂ ಅವನ ಕಣ್ಣಿಗೆ ಅವಳೇ ಹಚ್ಚಿದ್ದಳು. ಹೋದ ರಂಜಾನ್ ಈದಿನಿಂದ ಈಚೆಗೆ ಹತ್ತು ತಿಂಗಳಾಯಿತು, ಅವನು ಹಚ್ಚಿಸಿಕೊಂಡಿಲ್ಲ.

"ನನ್ನ ಸುರ್ಮಾ ಈಗ ಹೊಲಸ ಆತೇನ ನಿನಗ?" ಎಂದಳು ಗುಡುಬಿ, ಕಡ್ಡಿಯನ್ನು ಒಳಗೆ ಸೇರಿಸುತ್ತ. ಸಿಟ್ಟಿನಿಂದಲ್ಲ. ವಿಚಾರಿಸಿದಂತೆ ಕೇಳಿದಳು, ಅದೇ ಹೆಚ್ಚು ಚುಚ್ಚಿತು.

"ಹಂಗಲ್ಲ. ಒಂದ ಚಿಟಿಗಿ ಕಟ್ಟಿ ಕೊಡು. ಲ್ಯಾಬಿಗೆ ಬೇಕಾಗೇತಿ."

ಮುದುಕಿಯ ಮುಖ ಅರಳಿತು. "ಸಾಹೇಬರಿಗೇನ?"

ಮುಕ್ತಾರ ಹೂಂ ಎಂದ. ಎರಡನೆಯ ಹೂಂ ಇದು. ಮೊದಲನೆಯ ಹೂಂ ಹೇಳಿ ಎಂಟು ತಿಂಗಳಾಗಿತ್ತು, ಮತ್ತು ಇವತ್ತು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಹುಕ್ಕೇರಿಗೆ ಹೋಗಬೇಕಾಗಿತ್ತು. ಸತ್ಕಾರ ಒಂದು ನೆಪ. ರಜೆ ಕೇಳುವಾಗ 'ಊರಲ್ಲಿ ಸತ್ಕಾರ' ಎಂದರೆ ಸಾಹೇಬರು ನಗುತ್ತ ಸಹಿ ಹಾಕುತ್ತಾರೆ. 'ಸುಳ್ಳು ಹೇಳಿದ್ದೆ, ಹೋಗಿ ನಿಜ ಹೇಳಿ ಬರುತ್ತೇನೆ' ಎನ್ನುವುದಕ್ಕೆ ರಜೆಯ ಅರ್ಜಿಯಲ್ಲಿ ಕಲಮು ಇಲ್ಲ. ಲ್ಯಾಬಿನ ಸಂಶೋಧನಾ ವಿದ್ಯಾರ್ಥಿನಿ, ಹುಕ್ಕೇರಿಯ ರಾಧಿಕಾ ಭಾನುವಾರದವರೆಗೆ ಊರಿನಲ್ಲಿರುತ್ತಾಳೆ, ಸೋಮವಾರ ಅವಳ ಡಾಕ್ಟರೇಟ್ ಪ್ರಬಂಧ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಹೋದ ಮೇಲೆ ಹೇಳಿದರೆ ಅದು ಹೇಳಿದಂತಲ್ಲ.

ಸಮುದ್ರದ ನೀರಿನಲ್ಲಿ ಸೀಸ ಇದೆ. ಎಷ್ಟು? ಊರಿನವರು ಕೇಳಿದರೆ ಮುಕ್ತಾರ ಕೊಡುವ ಲೆಕ್ಕ ಇದು: ಹಿಡಕಲ್ ಡ್ಯಾಮ್ ಪೂರ್ತಿ ತುಂಬಿದಾಗ ಅದರಲ್ಲಿ ಆರೇಳು ಕಿಲೋ ಸೀಸ ಕರಗಿಸಿ, ಆಮೇಲೆ ಒಂದು ಬಾಟಲಿ ನೀರು ಎತ್ತಿಕೊಂಡು ಬಂದರೆ ಅದರಲ್ಲಿ ಎಷ್ಟಿರುತ್ತದೋ ಅಷ್ಟು. ಅದನ್ನು ಅಳೆಯುವುದಷ್ಟೇ ಅಲ್ಲ, ಆ ಸೀಸ ಯಾವ ಗಣಿಯಿಂದ ಬಂದದ್ದು ಎಂದೂ ಹೇಳಬೇಕು. ಸೀಸದಲ್ಲಿ ನಾಲ್ವರು ಅಣ್ಣತಮ್ಮಂದಿರು, ಒಬ್ಬರಿಗಿಂತ ಒಬ್ಬರು ತೂಕದಲ್ಲಿ ಕೂದಲೆಳೆಯಷ್ಟು ಬೇರೆ, ಐಸೋಟೋಪು ಎನ್ನುತ್ತಾರೆ. ಒಂದೊಂದು ಗಣಿಯಲ್ಲಿ ಅವರ ಪಾಲು ಒಂದೊಂದು ರೀತಿ. ಬೆಲ್ಲದ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು ಇದು ಯಾವ ಊರಿನ ಗಾಣದ್ದೆಂದು ಹೇಳುವ ಹಿರಿಯರು ಕಲ್ಲೋಳಿಯಲ್ಲಿ ಈಗಲೂ ಇದ್ದಾರೆ. ಪ್ರಯೋಗಾಲಯದ ಯಂತ್ರ ಮಾಡುವುದೂ ಅದನ್ನೇ, ಸ್ವಲ್ಪ ಹೆಚ್ಚು ಗತ್ತಿನಿಂದ. ಕಷ್ಟ ಎಂದರೆ ಸೀಸ ಎಲ್ಲ ಕಡೆ ಇದೆ. ಹಡಗಿನ ಬಣ್ಣದಲ್ಲಿ, ರಸ್ತೆಯ ಧೂಳಿನಲ್ಲಿ, ಮನುಷ್ಯನ ತಲೆಗೂದಲಲ್ಲಿ. ಸಮುದ್ರದ ಸೀಸವನ್ನು ಅಳೆಯುವುದೆಂದರೆ ಅಳೆಯುವವನ ಸೀಸವನ್ನು ಹೊರಗಿಡುವುದು. ಅದಕ್ಕೆಂದು ಬಾಟಲಿಗಳನ್ನು ಸಾಬೂನಿನಲ್ಲಿ ಒಂದು ವಾರ, ಒಂದು ಆಮ್ಲದಲ್ಲಿ ನಾಲ್ಕು ವಾರ, ಇನ್ನೊಂದರಲ್ಲಿ ಎರಡು ವಾರ ನೆನೆಹಾಕಿ ತೊಳೆದು, ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಹಡಗಿನಲ್ಲಿ ನೀರು ತುಂಬುವಾಗ ಇಬ್ಬರು ಬೇಕು. ಒಬ್ಬರು ಹೊರಗಿನ ಚೀಲ ಮಾತ್ರ ಮುಟ್ಟುವವರು. ಅವರಿಗೆ 'ಡರ್ಟಿ ಹ್ಯಾಂಡ್ಸ್' ಎಂದು ಹೆಸರು. ಇನ್ನೊಬ್ಬರು ಒಳಗಿನ ಚೀಲ, ಬಾಟಲಿ, ಮುಚ್ಚಳ ಮುಟ್ಟುವವರು. ಅವರು 'ಕ್ಲೀನ್ ಹ್ಯಾಂಡ್ಸ್', ಶುದ್ಧ ಕೈ. ಒಬ್ಬರದನ್ನು ಒಬ್ಬರು ಮುಟ್ಟಿದರೆ ಕೈಗವಸು ಬದಲಾಯಿಸಬೇಕು. ಮೂಗು ಮುಟ್ಟಿದರೆ ಬದಲಾಯಿಸಬೇಕು. ಇಷ್ಟು ಮಡಿ ಯಾವ ಮಠದಲ್ಲಿಯೂ ಇರಲಾರದು. ಇಪ್ಪತ್ತೆರಡು ವರ್ಷದಿಂದ ಸರಕಾರದ ಆ ಸಂಶೋಧನಾ ಹಡಗಿನ ಶುದ್ಧ ಕೈ ಎಂದರೆ ಕಲ್ಲೋಳಿ ಮುಕ್ತಾರ. ಎಂಥೆಂಥ ಪದವಿಯವರು ಡರ್ಟಿ ಹ್ಯಾಂಡ್ಸ್ ಆಗಿ, ಅವನಿಂದ ಒಂದು ಮೊಳ ದೂರ ನಿಂತು, 'ಈಗ ಮುಟ್ಟಬಹುದೇ ಮುಕ್ತಾರ್?' ಎಂದು ಕೇಳಿದ್ದಾರೆ.

ಹತ್ತು ಗಂಟೆಗೆ ಗಜಾನನ ಮಾಸ್ತರ ಮೋಟರ್‌ಸೈಕಲ್ ಮೇಲೆ ಬಂದು ಅವನನ್ನು ಮೂಡಲಗಿಗೆ ಎತ್ತಿಕೊಂಡು ಹೋದ. ಗಜಾನನ ಈಗ ಅವರಿಬ್ಬರೂ ಕಲಿತ ಶಾಲೆಯ ಹೆಡ್‌ಮಾಸ್ತರ. ಶಾಲೆಯ ಅಂಗಳದಲ್ಲಿ ಪೆಂಡಾಲು, ಬ್ಯಾನರಿನ ಮೇಲೆ ಮುಕ್ತಾರನ ಫೋಟೋ, ಫೋಟೋದ ಹಿಂದೆ ಎಲ್ಲಿಯದೋ ಒಂದು ಡಾಲ್ಫಿನ್. 'ಅಂತರರಾಷ್ಟ್ರೀಯ ಸಮುದ್ರ ವಿಜ್ಞಾನಿ' ಎಂದು ಕೆಂಪಕ್ಷರ. ಮುಕ್ತಾರ ಅದನ್ನು ಕಂಡು ತಲೆ ತಗ್ಗಿಸಿದ. ತಲೆ ತಗ್ಗಿಸಿದ್ದನ್ನು ಎಲ್ಲರೂ ಮೆಚ್ಚಿಕೊಂಡರು. "ಮಕ್ಕಳೇ," ಎಂದು ಗಜಾನನ ಮೈಕು ಹಿಡಿದ. "ನಮ್ಮ ಮುಕ್ತಾರ ಅತ್ತಾರ ಅವರು ಸಬ್‌ಮರೀನ್‌ನಾಗ ಕುಂತು ಅರಬ್ಬೀ ಸಮುದ್ರದ ತಳಕ್ಕ ಇಳದು, ಹಿಂದ ಯಾರೂ ಕಂಡಿರದಂಥಾ ಸೀಸಾನ ಹುಡುಕಿ ತಗದಾರ! ಅವರ ಹೆಸರ ಇವತ್ತ ಫಾರಿನ್ ಪುಸ್ತಕದಾಗ ಬಂದೈತಿ!" ಮುಕ್ತಾರನಿಗೆ ಈಜು ಬರುವುದಿಲ್ಲ. ಹೆಸರು ಬಂದದ್ದು ಮಾತ್ರ ನಿಜ, ಅಥವಾ ಬರುವುದರಲ್ಲಿತ್ತು. ಆರು ಜನ ಲೇಖಕರಲ್ಲಿ ಐದನೆಯವನು: ಎಂ. ಎ. ಅತ್ತಾರ. ಇಪ್ಪತ್ತೆರಡು ವರ್ಷದಲ್ಲಿ ಹದಿನೇಳು ಲೇಖನಗಳ ಕೊನೆಯ ಸಾಲಿನಲ್ಲಿ ಅವನಿಗೆ ಕೃತಜ್ಞತೆ ಸಂದಿತ್ತು, ಮೂರರಲ್ಲಿ ಹೆಸರಿನ ಕಾಗುಣಿತ ತಪ್ಪಾಗಿ. ಈ ಸಲ ಸಾಹೇಬರು ತಾವಾಗಿಯೇ ಮೇಲಕ್ಕೆ ಎತ್ತಿದ್ದರು. 'ಮುಕ್ತಾರ್, ಇಂಥ ನೀರು ನಿಮ್ಮ ಕೈಯಿಂದಲ್ಲದೆ ಬೇರೆಯವರಿಂದ ಸಿಗುತ್ತಿರಲಿಲ್ಲ' ಎಂದಿದ್ದರು. ಎಷ್ಟು ಸತ್ಯವಾದ ಮಾತು ಎಂದು ಅವರಿಗೆ ಗೊತ್ತಿರಲಿಲ್ಲ.

ಹೋದ ವರ್ಷದ ರಂಜಾನ್ ಈದು ಹಡಗಿನ ಮೇಲೆ ಆಯಿತು. ಹಿಂದಿನ ಸಂಜೆ ಚಂದ್ರ ಕಂಡದ್ದು ನೀರಿನ ಮೇಲೆ. ಸುತ್ತ ಮಾಡು, ಮರ, ಮಿನಾರ ಏನೂ ಇಲ್ಲದೆ, ಬರೀ ಚಂದ್ರ. ಬೆಳಿಗ್ಗೆ ಡೆಕ್ಕಿನ ಮೇಲೆ ಎಂಜಿನ್ ಕೋಣೆಯ ಇಬ್ಬರು, ಅಡುಗೆಯವನೊಬ್ಬ, ಮುಕ್ತಾರ, ನಾಲ್ವರು ನಮಾಜು ಮಾಡಿದರು. ಹಡಗು ಸ್ವಲ್ಪ ವಾಲುತ್ತಿತ್ತು. ಆಮೇಲೆ ಅವನು ತನ್ನ ಕೋಣೆಗೆ ಹೋಗಿ, ತಾಯಿ ಕಟ್ಟಿಕೊಟ್ಟ ಪುಟ್ಟ ಕಾಗದದ ಪೊಟ್ಟಣ ಬಿಚ್ಚಿ, ಸಣ್ಣ ಕನ್ನಡಿಯಲ್ಲಿ ನೋಡಿಕೊಂಡು ಸುರ್ಮಾ ಹಚ್ಚಿಕೊಂಡ. ಹಬ್ಬ ಅಂತ ಅನ್ನಿಸುವುದಕ್ಕೆ ಅಷ್ಟಾದರೂ ಬೇಕಾಗಿತ್ತು. ಆ ದಿನ ಸ್ಟೇಷನ್ ಇರಲಿಲ್ಲ. ಸ್ಟೇಷನ್ ಎಂದರೆ ಕಟ್ಟಡವಲ್ಲ, ಹಡಗು ನಿಂತು ನೀರೆತ್ತುವ ಜಾಗ. ಹತ್ತನೆಯದು ಮುಗಿದಿತ್ತು, ಹನ್ನೊಂದನೆಯದು ಮರುದಿನಕ್ಕಿತ್ತು. ಮಧ್ಯಾಹ್ನ ಹವಾಮಾನದ ಸುದ್ದಿ ಬಂತು, ಗಾಳಿ ಏಳುತ್ತದೆ, ಹನ್ನೊಂದನ್ನು ಈಗಲೇ ಮುಗಿಸಿ ಎಂದು. ಸುರ್ಮಾದ ಕರಿಕಲ್ಲೆಂದರೆ ಸೀಸದ ಅದಿರೇ. ಮುಕ್ತಾರ ಸಾಬೂನು ಹಾಕಿ ಎರಡು ಸಲ ಮುಖ ತೊಳೆದ. ಹೋಯಿತು ಅಂದುಕೊಂಡ. ಗುಡುಬಿಯ ಸುರ್ಮಾ ಹಾಗೆ ಹೋಗುವಂಥದಾಗಿದ್ದರೆ ಅದಕ್ಕೆ ಮೂರು ಸಂತೆಯಲ್ಲಿ ಹೆಸರಿರುತ್ತಿರಲಿಲ್ಲ. ಪ್ಲಾಸ್ಟಿಕ್ ಹಾಳೆ ಕಟ್ಟಿದ ಆ ಸಣ್ಣ ಡೇರೆಯೊಳಗೆ ಸೆಕೆ, ಹಡಗಿನ ತೂಗಾಟ, ಎದುರಿಗೆ ಡರ್ಟಿ ಹ್ಯಾಂಡ್ಸ್ ಆಗಿ ಹುಕ್ಕೇರಿಯ ರಾಧಿಕಾ, ಮುಖ ಬಿಳಿಚಿಕೊಂಡು. "ಕಾಕಾ, ಲಗೂನ ಮಾಡ್ರಿ, ವಾಂತಿ ಬಂದ್ರ ಎಲ್ಲಾ ಹಾಳಾಕ್ಕೈತಿ." ಬೆವರು ಹಣೆಯಿಂದ ಇಳಿದು ಕಣ್ಣಿಗೆ ಹೋಯಿತು, ಎಡಗಣ್ಣು ಬೆಂಕಿ ಬಿದ್ದಂತೆ ಉರಿಯಿತು, ಅವನು ಮಣಿಕಟ್ಟಿನಿಂದ ಉಜ್ಜಿದ. ಒಂದೇ ಸಲ. ಕೈಗವಸು ಬದಲಾಯಿಸಲು ಇಪ್ಪತ್ತು ಸೆಕೆಂಡು ಸಾಕು. ಯಾಕೆ ಬದಲಾಯಿಸಲಿಲ್ಲ? ಅವಸರ ಎನ್ನಬಹುದು, ಆ ಹುಡುಗಿಯ ಸಂಕಟ ಎನ್ನಬಹುದು. ಹತ್ತು ತಿಂಗಳು ತನ್ನನ್ನು ತಾನು ಕೇಳಿಕೊಂಡ ಮೇಲೆ ಸಿಕ್ಕ ಉತ್ತರ ಬೇರೆ, ಅದು ಯಾರಿಗೂ ಹೇಳುವಂಥದ್ದಲ್ಲ. ಆ ಗಳಿಗೆಯಲ್ಲಿ ಅವನಿಗೆ ಅನ್ನಿಸಿದ್ದು, ನನ್ನ ಕೈ ತಾನೇ ಎಂದು.

"ಈಗ ನಮ್ಮ ಹೆಮ್ಮೆಯ ವಿಜ್ಞಾನಿಗಳು ಎರಡ ಮಾತ ಹೇಳ್ತಾರ," ಎಂದ ಗಜಾನನ. ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ. ಬುಟ್ಟಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಮುಕ್ತಾರ ಮೈಕಿನ ಮುಂದೆ ನಿಂತ. "ನಾ ವಿಜ್ಞಾನಿ ಅಲ್ರಿ," ಎಂದ. "ಬಾಟ್ಲಿ ತೊಳ್ಯಾಂವ." ಚಪ್ಪಾಳೆ. ನಿಜ ಹೇಳಿದರೆ ಅದು ವಿನಯವಾಗಿ ಕೇಳುವುದು ಸತ್ಕಾರದ ವೇದಿಕೆಗಳ ಗುಣ. ಅವನು ಬಾಟಲಿ ತೊಳೆಯುವ ಕ್ರಮ ವಿವರಿಸಿದ. ಏಳು ವಾರ ಎಂದಾಗ ಹಿಂದಿನ ಸಾಲಿನಲ್ಲಿ ಪಾಠ ಹೇಳುವ ಅಕ್ಕೋರೊಬ್ಬರು ಆಕಳಿಸಿದರು. ಇಲ್ಲೇ ಹೇಳಿಬಿಟ್ಟರೆ ಹುಕ್ಕೇರಿಯಲ್ಲಿ ಹೇಳುವುದು ಸುಲಭವಾದೀತು ಎಂಬ ಯೋಚನೆ ಬಂತು, ಈಜು ಬಾರದವನು ಕಾಲುವೆಯಲ್ಲಿ ಒಂದು ಕಾಲು ಅದ್ದಿ ನೋಡುವ ಹಾಗೆ. "ನಾ ಒಂದ ದೊಡ್ಡ ತಪ್ಪ ಮಾಡೇನ್ರಿ," ಎಂದ. "ಹೋದ ವರ್ಷ, ಹಡಗದಾಗ..."

ಗಜಾನನ ಎದ್ದು ಬಂದು ಮೈಕು ಕಸಿದುಕೊಂಡ. "ಕೇಳಿದ್ರೇನ್ರಿ ಮಕ್ಕಳ? ದೊಡ್ಡ ಮನಷ್ಯಾರ ಲಕ್ಷಣ ಇದು! ತಮ್ಮ ತಪ್ಪ ತಾವ ಎತ್ತಿ ಹೇಳ್ತಾರ. ನೀವು ಹೋಮ್‌ವರ್ಕ್ ಮಾಡದಿದ್ರ ಏನ ಹೇಳ್ತೀರಿ? ಕರೆಂಟ್ ಹೋಗಿತ್ರಿ ಅಂತೀರಿ!" ಮಕ್ಕಳು ನಕ್ಕವು, ಮತ್ತೆ ಚಪ್ಪಾಳೆ, ರಾಷ್ಟ್ರಗೀತೆ.

ಆಫೀಸಿನಲ್ಲಿ ಚಹಾ ಬಂತು. ಒಂದೇ ಕಪ್ಪು. ಗಜಾನನ ಅರ್ಧವನ್ನು ಬಸಿಗೆ ಸುರಿದುಕೊಂಡು ಸೊರ್ರೆಂದು ಹೀರಿ, ಕಪ್ಪನ್ನು ಗೆಳೆಯನ ಕಡೆ ತಳ್ಳಿದ. "ತಗೊ ಮುಕ್ತ್ಯಾ. ಅರ್ಧರ್ಧ. ಸಾಲಿ ಕಲಿಯೂವಾಗಿಂದ ನಾವು ಹಿಂಗ ಅಲ್ಲೇನ?" ಹಿಂಗೆ ಆಗಿರಲಿಲ್ಲ. ಗಜಾನನನ ಮನೆಯ ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಲೋಟ ಇರುತ್ತಿತ್ತು, ಮುಕ್ತಾರನಿಗೆಂದೇ. ಅವನ ತಾಯಿ ಒಳ್ಳೆಯವಳು. ಆ ಲೋಟಕ್ಕೆ ಮೇಲಿಂದ ನೀರು ಹೊಯ್ಯುವಾಗ ಎಷ್ಟು ಅಕ್ಕರೆಯಿಂದ ಹೊಯ್ಯುತ್ತಿದ್ದಳೆಂದರೆ ಒಂದು ಹನಿಯೂ ಹೊರಗೆ ಚೆಲ್ಲುತ್ತಿರಲಿಲ್ಲ, ಜೊತೆಗೆ ಗಜಾನನನಿಗೆ ಕೊಟ್ಟದ್ದಕ್ಕಿಂತ ದೊಡ್ಡ ಬೆಲ್ಲದ ಚೂರು. ಕುಡಿದು ತೊಳೆದು ಗೂಡಿನಲ್ಲಿಟ್ಟು ಬರಬೇಕು. ಗಜಾನನನಿಗೆ ಇದು ನೆನಪಿಲ್ಲ. ನೆನಪಿಟ್ಟುಕೊಳ್ಳಬೇಕಾದವನು ಅವನಲ್ಲ. ಮುಕ್ತಾರ ಚಹಾ ಕುಡಿದು, ಎದ್ದು, ಕಪ್ಪನ್ನು ತೊಳೆಯಲು ನಲ್ಲಿ ಹುಡುಕಿದ. "ಇಡೋ ಮಾರಾಯಾ, ತೊಳ್ಯಾಕ ಸಿಪಾಯಿ ಅದಾನ," ಎಂದ ಗಜಾನನ. "ಎಲ್ಲಿ ಹೋದ್ರೂ ತೊಳ್ಯೂದ ಆತ ನಿಂದು!"

ಮೂಡಲಗಿಯಿಂದ ಗೋಕಾಕಕ್ಕೆ ಬಸ್ಸಿನಲ್ಲಿ ಶಾಲನ್ನು ಮಡಿಚಿ ಬುಟ್ಟಿಯ ಮೇಲೆ ಹೊದಿಸಿ ಕೂತ. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಬಸ್ಸು ಎಮ್ಮೆಯಂತೆ ನಡೆಯಿತು. ಗೋಕಾಕದಲ್ಲಿ ಜುಮ್ಮಾಕ್ಕೆ ಹೊತ್ತಾಗಿತ್ತು. ಮಸೀದಿಯ ನೀರಿನ ಹೌದಿನ ಪಕ್ಕ ಕೂತು, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂ ಮಾಡುವಾಗ ಕೈ ಮೂರು ಸಲ ತೊಳೆದ, ನಾಲ್ಕನೆಯ ಸಲ ತೊಳೆದ, ಐದನೆಯ ಸಲ. ಪಕ್ಕದವನು ನೋಡಿದ. ಇಲ್ಲಿ ನೀರು ಬಿದ್ದರೆ ಸಾಕು, ಮೂರಕ್ಕೆ ಶುದ್ಧಿ; ಅಷ್ಟು ಸುಲಭವಾಗಿ ಶುದ್ಧವಾಗುವ ಕೈಗಳನ್ನು ಅವನು ನಂಬುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಏಳನೆಯ ಬಾಟಲಿ ನೆನಪಿಗೆ ಬಂತು. ಪ್ರತಿ ಸಲವೂ ಆರು ಬಾಟಲಿ ಸಮುದ್ರದ ನೀರಿನ ಜೊತೆ ಏಳನೆಯದೊಂದನ್ನು ಏನೂ ಇಲ್ಲದ ನೀರಿನಿಂದ ತುಂಬುತ್ತಾರೆ. ಬ್ಲ್ಯಾಂಕ್ ಎನ್ನುತ್ತಾರೆ ಅದಕ್ಕೆ. ಅದರಲ್ಲಿ ಏನೂ ಕಾಣಬಾರದು. ಕಂಡರೆ ಅದು ಸಮುದ್ರದ್ದಲ್ಲ, ನಮ್ಮದು. ಜೂನ್ ತಿಂಗಳಲ್ಲಿ ರಾಧಿಕಾ ಯಂತ್ರದ ಕೋಣೆಯಿಂದ ಹೊರಗೆ ಬಂದಳು. ಅವನು ಓಣಿಯಂಥ ಆ ಕಾರಿಡಾರಿನಲ್ಲಿ ಬಾಟಲಿಯ ಕ್ರೇಟು ಹೊತ್ತು ನಿಂತಿದ್ದ. ಸ್ಟೇಷನ್ ಹನ್ನೊಂದರ ಏಳನೆಯದರಲ್ಲಿ ಸೀಸ ಕಂಡಿತ್ತು. "ಕಾಕಾ, ಅದರ ಮುಚ್ಚಳ ಸಡ್ಲ ಇತ್ತೇನ್ರಿ?" ಎಂದು ಕೇಳಿದಳು. ಅವನು ಹೂಂ ಎಂದ. "ಸ್ವಲ್ಪ ಸಡ್ಲ ಇತ್ತ ನೋಡವಾ." ಮುಚ್ಚಳ ಸಡಿಲವಿದ್ದ ಬಾಟಲಿ ಲೆಕ್ಕಕ್ಕಿಲ್ಲ. ಏಳನೆಯದನ್ನು ಬಿಟ್ಟರು, ಆರು ಉಳಿದವು. ಆ ಆರರ ಸೀಸ ಪೆಟ್ರೋಲಿನದಲ್ಲ, ಕಾರ್ಖಾನೆಯದಲ್ಲ, ಸುತ್ತಲಿನ ಯಾವ ನೀರಿನದೂ ಅಲ್ಲ, ಎಲ್ಲಿಯದೋ ಹಳೆಯ ಗಣಿಯದು. ಸಾಹೇಬರು ಮೂರು ದಿನ ಊಟ ಬಿಟ್ಟು ಓದಿ, ಕಡಲಾಚೆಯ ಮರುಭೂಮಿಯ ಧೂಳು ಇದು, ಗಾಳಿಯಲ್ಲಿ ಬಂದದ್ದು ಎಂದು ತೀರ್ಮಾನಿಸಿದರು. ಗುಡುಬಿಯ ಅತ್ತೆಯ ಕಾಲದ ಕಲ್ಲಿನ ಗಟ್ಟಿ ಹಜ್ಜಿಗೆ ಹೋದ ಯಾರೋ ತಂದದ್ದಂತೆ. ಮರುಭೂಮಿ ಎಂಬಷ್ಟು ಮಟ್ಟಿಗೆ ಸಾಹೇಬರ ಊಹೆ ಸರಿ ಇದ್ದೀತು. ಬಂದ ದಾರಿ ಬೇರೆ.

ಹುಕ್ಕೇರಿಗೆ ತಲುಪಿದಾಗ ನಾಲ್ಕು. ರಾಧಿಕಾಳ ತಾಯಿ ತಾಯವ್ವ ಹೊರಸಿನ ಮೇಲೆ ಮೆಣಸಿನಕಾಯಿ ಹರವಿಕೊಂಡು ಕೂತಿದ್ದಳು. "ಅಯ್ಯ, ಮುಕ್ತಾರ ಅಣ್ಣಾರ! ಬರ್ರಿ ಬರ್ರಿ. ರಾಧೀ, ನಿಮ್ಮ ಕಾಕಾ ಬಂದಾರ ನೋಡ. ಏನಿದು ಬುಟ್ಟಿ, ಶಾಲು? ಮದಲಿಂಗ ಆಗಿ ಬಂದೀರಿ!" ಆಮೇಲೆ ದನಿ ತಗ್ಗಿಸಿ, "ಸೋಮವಾರ ಪುಸ್ತಕ ಕೊಡ್ತಾಳಂತ. ಓಣಿಯವರೆಲ್ಲಾ ಈಗ ಡಾಕ್ಟರಬಾಯಿ ಅಂತಾರ. ಒಬ್ಬಾಕಿ ಮೊಣಕಾಲ ನೋವಿಗೆ ಗುಳಿಗಿ ಕೇಳಾಕ ಬಂದಿದ್ಲು!" ಎಂದು ನಕ್ಕಳು. ಮುಕ್ತಾರ ಹಣ್ಣಿನ ಬುಟ್ಟಿಯನ್ನು ಅವಳ ಕೈಗೆ ಕೊಟ್ಟುಬಿಟ್ಟ. ಕೊಟ್ಟ ಮೇಲೆ ಅದು ಲಂಚದಂತೆ ಕಂಡಿತು.

ಮಹಡಿಯ ಮೇಲಿನ ಕೋಣೆಯಲ್ಲಿ ರಾಧಿಕಾ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಕೂದಲು ಮೇಲಕ್ಕೆತ್ತಿ ಪೆನ್ಸಿಲಿನಿಂದ ಸಿಕ್ಕಿಸಿದ್ದಳು. "ಕುಂದರ್ರಿ ಕಾಕಾ. ಸತ್ಕಾರ ಹೆಂಗಾತ್ರಿ?" ಎಂದಳು. ಅವನು ಕೂರಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಪೀಠಿಕೆ ಮೆಟ್ಟಿಲ ಮೇಲೆಲ್ಲೋ ಉದುರಿಹೋಗಿತ್ತು. ಜೇಬಿನಿಂದ ಪೊಟ್ಟಣ ತೆಗೆದ. ತಾಯಿ ಕಟ್ಟಿದ ಕಾಗದವನ್ನು ಅವನು ಬೆಳಿಗ್ಗೆಯೇ ಎರಡು ಪ್ಲಾಸ್ಟಿಕ್ ಚೀಲದೊಳಗೆ, ಒಂದರೊಳಗೊಂದು, ಹಾಕಿಟ್ಟಿದ್ದ. ಅದನ್ನು ಮೇಜಿನ ಮೇಲಿಟ್ಟ.

"ಇದು ನಮ್ಮಮ್ಮನ ಸುರ್ಮಾ," ಎಂದ. "ಈದಿನ ದಿನಾ ಹಚ್ಚಿಕೊಂಡಿದ್ದೆ. ಹನ್ನೊಂದನೇ ಸ್ಟೇಷನ್‌ದಾಗ ಕಣ್ಣ ಉಜ್ಜಿದೆ. ಗ್ಲೌಸ್ ಬದಲ ಮಾಡ್ಲಿಲ್ಲ. ಮುಚ್ಚಳ ಸಡ್ಲ ಇದ್ದಿದ್ದಿಲ್ಲವಾ. ಗಟ್ಟಿ ಇತ್ತು."

ರಾಧಿಕಾ ಪೊಟ್ಟಣವನ್ನು ಮುಟ್ಟಲಿಲ್ಲ. ಕೆಳಗೆ ತಾಯವ್ವ ಯಾರಿಗೋ ಸೇಬಿನ ಬಗ್ಗೆ ಹೇಳುತ್ತಿದ್ದಳು. ಹುಡುಗಿ, "ಯಾಕ ಹೇಳಿದ್ರಿ?" ಎಂದಳು.

ಅವನಿಗೆ ತಿಳಿಯಲಿಲ್ಲ. "ಅಂದ್ರ?"

"ನನಗ ಗೊತ್ತಿದ್ದಿದ್ದಿಲ್ಲ ಅಂತ ತಿಳಿದೀರೇನ? ಆ ದಿನಾ ನಾ ನಿಮ್ಮ ಎದುರಿಗೇ ನಿಂತಿದ್ದೆ. ಎಡಗಣ್ಣಿಂದ ಕರ್ರಗ ಒಂದು ಗೆರಿ ಗಲ್ಲದ ಮಟಾ ಇಳದಿತ್ತು. ಬೆವರ ಅಂದ್ಕೊಂಡೆ. ಬ್ಲ್ಯಾಂಕ್‌ದಾಗ ಸೀಸ ಬಂದಾಗ ಕಣ್ಮುಂದ ಅದ ಗೆರಿ ಬಂತು." ಅವಳ ದನಿ ಏರಿತು. "ಅದಕ್ಕ ಮುಚ್ಚಳದ ಮಾತ ಕೇಳಿದೆ. ಏನಾತು ಅಂತ ಕೇಳಿದ್ನೇನು? ಇಲ್ಲ. ಮುಚ್ಚಳ ಸಡ್ಲ ಇತ್ತೇನ ಅಂತ ಕೇಳಿದೆ. ನೀವು ಹೂಂ ಅಂದ್ರಿ. ಮುಗೀತಲ್ಲ ಅಲ್ಲಿಗೆ! ನೀವು ಅಂದ್ರಿ, ನಾ ನಂಬಿದೆ. ಮೂರ ದಿನಾ ತಡದಿದ್ರ ನಾ ಜೀವನ ಪೂರ್ತಿ ನಂಬತಿದ್ದೆ."

ಮುಕ್ತಾರ ಆಗ ಕೂತ. ಎಂಟು ತಿಂಗಳು ತಾನೊಬ್ಬನೇ ಹೊತ್ತೆನೆಂದುಕೊಂಡ ಭಾರದ ಇನ್ನೊಂದು ತುದಿ ಈ ಹುಡುಗಿಯ ಹೆಗಲ ಮೇಲಿತ್ತು. ಇಬ್ಬರೂ ಒಂದೇ ಕಾರಿಡಾರಿನಲ್ಲಿ ದಿನವೂ ಎದುರಾಗಿ, 'ಚಹಾ ಆತ್ರಿ ಕಾಕಾ?' 'ಆತವಾ' ಎಂದು ಹಾದುಹೋಗಿದ್ದರು. ಅವನಿಗೆ ಸಮಾಧಾನ ಆಗಬೇಕಿತ್ತು. ಆದದ್ದು ಒಂದು ಬಗೆಯ ಅವಮಾನ. ಕರಿ ಗೆರೆ ಇಳಿದಿತ್ತು, ಗಲ್ಲದವರೆಗೆ. ಅಂದರೆ ಅವನು ಎಲ್ಲರೆದುರು ಹಾಗೆಯೇ ನಿಂತಿದ್ದ, ಶುದ್ಧ ಕೈಯೆಂಬ ಠೀವಿಯಲ್ಲಿ, ಮುಖದ ಮೇಲೆ ಮಸಿ ಹೊತ್ತುಕೊಂಡು. ಅವಳು ನೋಡಿದ್ದಳು, ಹೇಳಿರಲಿಲ್ಲ. ಗಜಾನನನ ತಾಯಿಯೂ ಏನೂ ಹೇಳುತ್ತಿರಲಿಲ್ಲ.

"ನಾ ಒಬ್ಬನ ಬರೀತೇನಿ ಸಾಹೇಬರಿಗೆ," ಎಂದ. "ನಿನ್ನ ಹೆಸರ ತರೂದಿಲ್ಲ. ನನ್ನ ಕೈಲೆ ಆಗಿದ್ದು."

"ಮೂರನೇ ಅಧ್ಯಾಯ ಪೂರ್ತಿ ಆ ಆರು ಬಾಟ್ಲಿ ಮ್ಯಾಲ ನಿಂತೈತಿ, ಕಾಕಾ. ನನ್ನ ಹೆಸರ ತರದ ಹೆಂಗ ಬೀಳ್ತೈತಿ ಅದು?" ಅವಳು ಕೂದಲಿನ ಪೆನ್ಸಿಲು ಕಿತ್ತಳು, ಕೂದಲು ಮುಖದ ಮೇಲೆ ಬಿತ್ತು. ಅತ್ತಳೋ ಇಲ್ಲವೋ ಅವನಿಗೆ ಕಾಣಲಿಲ್ಲ, ಅವನು ನೋಡಲೂ ಇಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಸೋಮವಾರಕ್ಕೆ ಕುಂಕುಮದ ಬೊಟ್ಟು ಇಟ್ಟಿತ್ತು, ತಾಯವ್ವನ ಕೆಲಸ ಇರಬೇಕು. ಆ ಬೊಟ್ಟಿನ ಕುಂಕುಮ ಅಸಲಿಯೋ, ಸೀಸದ ಸಿಂಧೂರವೋ ಎಂದು ಅವನ ಬುದ್ಧಿ ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿತ್ತು. ಅದಕ್ಕೆ ಅವನಿಗೆ ನಾಚಿಕೆಯಾಯಿತು. "ಬ್ಯಾಡಂದ್ರ ಹೇಳವಾ," ಎಂದ ಕೊನೆಗೆ. "ಈ ಪೊಟ್ಟಣ ಎತ್ತಿ ಕಿಸೆದಾಗ ಇಟ್ಕೊಂಡು ಕಲ್ಲೋಳಿ ಬಸ್ ಹತ್ತತೇನಿ. ನೀ ಹೂಂ ಅಂದ್ರ."

ಹೇಳಿದ ಮೇಲೆ ತಾನು ಕೇಳಿದ್ದೂ ಅವಳ ಮುಚ್ಚಳದ ಪ್ರಶ್ನೆಯಂಥದ್ದೇ ಎಂದು ಹೊಳೆಯಿತು. ಅವಳಿಗೂ ಹೊಳೆದಿರಬೇಕು. ಮುಖದ ಮೇಲಿನ ಕೂದಲು ಸರಿಸಿ ಅವನನ್ನು ನೋಡಿದಳು. ಸಿಟ್ಟಿನ ನಡುವೆ ಒಂದು ನಗು ಬಂದು ಹೋಯಿತು. "ಭಾಳ ಶಾಣ್ಯಾ ಅದೀರಿ," ಎಂದಳು. ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡಳು. "ಹೇಳ್ರಿ. ನಿಮ್ಮ ಮಾತಿನಾಗ ಹೇಳ್ರಿ, ನಾ ಇಂಗ್ಲಿಷ್ ಮಾಡ್ತೇನಿ."

ಮುಕ್ತಾರನಿಗೆ ಬರೆಯಲು ಬರುತ್ತಿದ್ದದ್ದು ಬಾಟಲಿಗೆ ಅಂಟಿಸುವ ಚೀಟಿ ಮಾತ್ರ: ಸ್ಟೇಷನ್, ಆಳ, ತಾರೀಖು, ವೇಳೆ, ಯಾರು ತುಂಬಿದರು. ಹಾಗೆಯೇ ಹೇಳಿದ. ಸ್ಟೇಷನ್ ಹನ್ನೊಂದು. ವೇಳೆ ಮಧ್ಯಾಹ್ನ ಮೂರು. ತುಂಬಿದವನು ಮುಕ್ತಾರ ಅತ್ತಾರ. ಕಣ್ಣಿಗೆ ಸುರ್ಮಾ ಇತ್ತು. ಮೊದಲನೆಯ ಬಾಟಲಿಗೆ ಮುಂಚೆ ಎಡಗಣ್ಣನ್ನು ಬಲ ಮಣಿಕಟ್ಟಿನಿಂದ ಉಜ್ಜಿದೆ. ಕೈಗವಸು ಬದಲಾಯಿಸಲಿಲ್ಲ. ಏಳನೆಯದರ ಮುಚ್ಚಳ ಸರಿಯಾಗಿತ್ತು. ಸಡಿಲ ಎಂದು ಹೇಳಿದ್ದು ಸುಳ್ಳು. ಅವಳು ಟೈಪು ಮಾಡಿದಳು. ಅವನು ನಿಲ್ಲಿಸಿದ ಮೇಲೂ ಅವಳ ಬೆರಳು ನಿಲ್ಲಲಿಲ್ಲ.

"ಅದೇನ ಬರ್ಯಾಕತ್ತಿ?"

"ಬ್ಲ್ಯಾಂಕ್ ಕೈಬಿಟ್ಟಾಕಿ ನಾನು. ಗೆರಿ ನೋಡಿದ್ದೆ, ಕೇಳ್ಬೇಕಾದ್ದ ಕೇಳ್ಲಿಲ್ಲ ಅಂತ."

"ಅದು ಬ್ಯಾಡವಾ. ಯಾರ ಕೇಳ್ಯಾರ ನಿನ್ನ?"

"ನಿಮ್ಮ ತಪ್ಪ ನಿಮ್ಮ ಹೆಸರ್ಲೆ ಇರ್ಲಿ, ಕಾಕಾ. ನನ್ನ ತಪ್ಪಿಗೂ ನೀವ ಶಾಲ ಹೊಚ್ಚಿಕೊಂಡು ನಿಂತ್ರ ಹೆಂಗ?"

ಕೆಳಗಿನಿಂದ ತಾಯವ್ವ ಕೂಗಿದಳು, ಅವಲಕ್ಕಿ ಆಗೇತಿ, ಇಬ್ಬರೂ ಇಳೀರಿ ಎಂದು. ರಾಧಿಕಾ ಒಂದು ಸಲ ಓದಿ ತೋರಿಸಿದಳು. ಅವನಿಗೆ ಎಲ್ಲ ಪದ ತಿಳಿಯಲಿಲ್ಲ. ಅಂಕಿಗಳನ್ನು ನೋಡಿದ, ಸರಿ ಇದ್ದವು. ಅವಳು ಸಾಹೇಬರಿಗೆ ಕಳಿಸಿದಳು. ಐದೂ ಹತ್ತು.

ಸಾಹೇಬರು ಎರಡು ದಿನ ಉತ್ತರ ಬರೆಯಲಿಲ್ಲ. ಮೂರನೆಯ ದಿನ ಪೊಟ್ಟಣ ಕಳಿಸಿ ಎಂದು ಒಂದು ಸಾಲು ಬರೆದರು. ಸುರ್ಮಾದ ಸೀಸ, ಆರು ಬಾಟಲಿಯ ಸೀಸ, ಏಳನೆಯದರ ಸೀಸ ಒಂದೇ ಎಂದು ಮಾರ್ಚಿನಲ್ಲಿ ಗೊತ್ತಾಯಿತು. ಲೇಖನವನ್ನು ಹಿಂದಕ್ಕೆ ತೆಗೆದುಕೊಂಡರು. ಮುಕ್ತಾರನನ್ನು ಹಡಗಿನ ಕೆಲಸದಿಂದ ಉಗ್ರಾಣಕ್ಕೆ ಬದಲಾಯಿಸಿದರು. ರಾಧಿಕಾಳ ಪ್ರಬಂಧ ಮೂರನೆಯ ಅಧ್ಯಾಯವಿಲ್ಲದೆ, ಹನ್ನೊಂದು ತಿಂಗಳು ತಡವಾಗಿ ಸಲ್ಲಿಕೆಯಾಗಿ, ಅಂಗೀಕಾರವಾಯಿತು.